ಇಂಜಿನ್ ಇಳಿಸಿದ ಫಿಯೆಟ್

ಇದು ತೊಂಬತ್ತೆಂಟರಲ್ಲಿ ನಡೆದದ್ದು. ಜೋಗುಪಾಳ್ಯದ ನಮ್ಮ ಮನೆ ಮುಂದೆ ಅಪ್ಪನ ಹಳೆಯ ಫಿಯೆಟ್ ಕಾರಿತ್ತು. ಅಪ್ಪ ತೀರಿಕೊಳ್ಳುವ ಹೊತ್ತಿಗೆ ಅದಕ್ಕೂ ವಯಸ್ಸಾಗಿತ್ತು. ಏರು ಬಂದರೆ ಸಾಕು, ಹೊಗೆ ಉಗುಳಿ ನಿಂತುಬಿಡುತ್ತಿತ್ತು.

"ಹೊಸದು ತಗೊಳ್ಳೋಣ ರೀ, ಇದಕ್ಕೆ ಎಷ್ಟು ಅಂತ ಸುರಿಯೋದು?" ಎಂದು ಹೆಂಡತಿ ಪ್ರಿಯದರ್ಶಿನಿ ಹೇಳುತ್ತಲೇ ಇದ್ದಳು. ನನಗೆ ಮನಸ್ಸು ಬರಲಿಲ್ಲ. ಇಂಜಿನ್ ಬಿಚ್ಚಿ ನೋಡಿ ಹೇಳಲಿ ಎಂದು ಶಿವಾಜಿನಗರದ ಮೆಕ್ಯಾನಿಕ್ ಅನೀಸ್‌ಗೆ ಒಪ್ಪಿಸಿ ಬಂದೆ.

ಮರುದಿನ ಮಧ್ಯಾಹ್ನ ಹೋದಾಗ ಇಂಜಿನ್ ಗೋಣಿಚೀಲದ ಮೇಲೆ ತಣ್ಣಗೆ ಬಿದ್ದಿತ್ತು. ಅನೀಸ್ ನನ್ನ ಕೈ ಹಿಡಿದು ಕಾರಿನ ಬಾನೆಟ್ ಮೇಲಿಟ್ಟ. ನಾನು ಥಟ್ಟನೆ ಕೈ ಎಳೆದುಕೊಂಡೆ. ನೆರಳಿನಲ್ಲಿದ್ದ ಕಾರು, ಕೋಲಾರದಿಂದ ಒಂದೇ ಉಸಿರಿಗೆ ಓಡಿಸಿಕೊಂಡು ಬಂದ ಹಾಗೆ ಸುಡುತ್ತಿತ್ತು. ಬಾನೆಟ್ ಎತ್ತಿ ನೋಡಿದೆವು. ಒಳಗೆ ಖಾಲಿ, ಕೆಳಗಿನ ನೆಲ ಕಾಣುತ್ತಿತ್ತು. ಆ ಖಾಲಿ ಜಾಗದಿಂದ, ಓಡಿ ನಿಂತ ಇಂಜಿನ್ ಆರುವಾಗ ಬರುವಂಥ ಟಿಕ್ ಟಿಕ್ ಸದ್ದು ಬರುತ್ತಿತ್ತು.

"ನಿನ್ನೆ ಇಳಿಸಿದಾಗ್ನಿಂದ ಹಿಂಗೇ ಸಾರ್. ನಾನಿನ್ನು ಮುಟ್ಟಲ್ಲ, ತಗೊಂಡ್ಹೋಗ್ಬಿಡಿ," ಎಂದ ಅನೀಸ್.

"ಇಂಜಿನ್ನು?"

"ಅದನ್ನೂ."

ಎಳೆಸಿಕೊಂಡು ಬಂದು ಮನೆ ಮುಂದೆ ನಿಲ್ಲಿಸಿದೆ. ಬೇರೆ ಮೆಕ್ಯಾನಿಕ್‌ಗಳನ್ನು ಕರೆಸಿದೆ, ಗುಜರಿಯವರನ್ನೂ ಕರೆಸಿದೆ. ಎಲ್ಲರೂ ಬಾನೆಟ್ ಮುಟ್ಟಿ ಹೊರಟುಹೋದರು. "ಈಗೇನ್ರೀ ಮಾಡೋದು?" ಎಂದು ಪ್ರಿಯದರ್ಶಿನಿ ಕೇಳಿದಳು. ಕೊನೆಗೆ ಹೊಸ ಕಾರು ಕೊಂಡು ಅದರ ಪಕ್ಕದಲ್ಲೇ ನಿಲ್ಲಿಸಿದೆವು.

ಇಷ್ಟು ವರ್ಷಗಳಾದರೂ ಡಿಸೆಂಬರ್ ಚಳಿ ಶುರುವಾದರೆ ನಮ್ಮ ಬೀದಿಯ ಬೆಕ್ಕುಗಳು ಬಂದು ಮಲಗುವುದು ಆ ಹಳೆಯ ಕಾರಿನ ಬಾನೆಟ್ ಮೇಲೆಯೇ.