ಬ್ಯಾಂಡ್ ಮಾಸ್ತರರ ಮುಂದಿನ ಹಲ್ಲು

"ಇದು ನಾನು ತೆಗೆದ ಫೋಟೋ ಅಲ್ಲ."

ಪುಟ್ಟಿ ಈ ಮಾತು ಹೇಳಿದ್ದು ಕಂಪ್ಯೂಟರಿನ ಪರದೆಗೆ. ಬುಧವಾರ ಬೆಳಿಗ್ಗೆ ಒಂಬತ್ತೂವರೆ. ಹಲ್ಲಿನ ಆಸ್ಪತ್ರೆಯ ಬಾಗಿಲು ಆಗಷ್ಟೇ ತೆರೆದಿತ್ತು. ಪರದೆಯ ತುಂಬ ಬ್ಯಾಂಡ್ ಮಾಸ್ತರರ ಮುಂದಿನ ಹಲ್ಲು — ಮೂಲೆ ಮುರಿದ ಹಲ್ಲು. ಕೆಳಗೆ ಬರೆದಿತ್ತು: ಸೋಮವಾರ, ಕ್ಲೀನಿಂಗಿಗೆ ಮೊದಲು.

ಸೋಮವಾರ ಆ ಹಲ್ಲು ಇಡಿಯಾಗಿತ್ತು. ಅವಳೇ ಕಣ್ಣಾರೆ ನೋಡಿದ್ದಳು. ಕ್ಯಾಮೆರಾ ಹಿಡಿದು ಫೋಟೋ ತೆಗೆದು, ಆಮೇಲೆ ಕ್ಲೀನ್ ಮಾಡಿ ಕಳಿಸಿದ್ದಳು. ನಿಜವಾಗಿಯೂ ನೋಡಿದ್ದಳೇ?

ದಂತವೈದ್ಯೆಯಾಗಿ ವರ್ಷ ತುಂಬುತ್ತ ಬಂದಿದ್ದರೂ ಅತ್ತೆಯ ಬಾಯಲ್ಲಿ ಅವಳು ಪುಟ್ಟಿಯೇ. ರೋಗಿಗಳ ಬಾಯಲ್ಲಿ 'ಚಿಕ್ಕ ಡಾಕ್ಟರು'. ಅತ್ತೆ, ಅಂದರೆ ಅಪ್ಪನ ಅಕ್ಕ, 'ದೊಡ್ಡ ಡಾಕ್ಟರು'. ಮೂವತ್ತು ವರ್ಷದಿಂದ ಆ ಬೀದಿಯ ಹಲ್ಲುಗಳೆಲ್ಲ ಅವರ ಸುಪರ್ದಿಯಲ್ಲಿದ್ದವು.

ನಡೆದ ಸಂಗತಿಯನ್ನು ಕೌಂಟರಿನಲ್ಲಿ ಕೂರುವ ಚೀಟಿ ಅಕ್ಕ ಹೇಳಿದಳು. ಸೋಮವಾರ ಸಂಜೆ ಮಾಸ್ತರರು ಟ್ರಂಪೆಟ್ ತುಟಿಗಿಟ್ಟರೆ ಹಲ್ಲಿನ ಚೂಪು ತುಟಿ ಕೊಯ್ದಿತಂತೆ. ಮಂಗಳವಾರ ಓಡಿ ಬಂದರು. ಪುಟ್ಟಿ ಅವತ್ತು ಶಾಲೆಯೊಂದರಲ್ಲಿ ಮಕ್ಕಳ ಹಲ್ಲು ನೋಡಲು ಹೋಗಿದ್ದಳು. ಅತ್ತೆ ನೋಡಿ, ಮಧ್ಯಾಹ್ನ ಬನ್ನಿ ಅಂದರು. ಮಧ್ಯಾಹ್ನ ಈ ಫೋಟೋ ತೋರಿಸಿ, "ಮೊದಲೇ ಮುರಿದಿತ್ತು, ನಮ್ಮ ಮೇಲೆ ಯಾಕೆ ಹಾಕ್ತೀರಿ? ಸುಳ್ಳು ಹೇಳ್ಬೇಡಿ," ಅಂದರು.

"ಎಲ್ಲಿ ಹೇಳಿದ್ರು?"

"ಹೊರಗೆ, ಹಾಲ್‌ನಲ್ಲಿ. ಏಳು ಜನ ಕೂತಿದ್ರು. ಪಾಪ, ಆ ಮನುಷ್ಯ ತಲೆ ತಗ್ಗಿಸಿಕೊಂಡು ಹೋದ್ರು. ಭಾನುವಾರ ಶಾಲೆಯ ಬ್ಯಾಂಡು ಇದೆ ಅಂತಿದ್ರು."

ಪುಟ್ಟಿ ಕಂಡದ್ದು ತಪ್ಪಾಗಿದ್ದರೆ, ನಾಳೆಯಿಂದ ಯಾರ ಬಾಯೊಳಗೂ ಕೈ ಹಾಕುವ ಧೈರ್ಯ ಅವಳಿಗಿಲ್ಲ. ಕಂಡದ್ದು ಸರಿಯಾಗಿದ್ದರೆ, ಇಲ್ಲಿ ಯಾರೋ ಅವಳ ಹೆಸರಿನಲ್ಲಿ ಸುಳ್ಳು ಇಟ್ಟಿದ್ದಾರೆ. ಎರಡರಲ್ಲಿ ಯಾವುದು ನಿಜವಾದರೂ ನೆಮ್ಮದಿ ಇರಲಿಲ್ಲ.

ಅವಳು ನೇರವಾಗಿ ಮೆಟ್ಟಿಲ ಕೆಳಗಿನ ಅಂಗಡಿಗೆ ಹೋದಳು.

ಅದು ಮಾವನ ಕ್ಯಾಮೆರಾ ರಿಪೇರಿ ಅಂಗಡಿ. ಅತ್ತೆಯ ಗಂಡ. ಕೊರಳಲ್ಲಿ ಸದಾ ಒಂದು ಭೂತಗನ್ನಡಿ ನೇತಾಡುವುದರಿಂದ ಬೀದಿಯಲ್ಲಿ ಅವರ ಹೆಸರೂ ಭೂತಗನ್ನಡಿ. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸ. ಕಳೆದುಹೋದ ಸಾಮಾನು, ಮುಚ್ಚಿಟ್ಟ ಸಂಗತಿ — ಇಂಥವನ್ನು ಹುಡುಕಿ ಕೊಡುವುದೇ ಅವರ ಈಗಿನ ಖುಷಿ. ಮನೆಯಲ್ಲಿ ಮಾತ್ರ ಹೆಂಡತಿಯ ಮುಂದೆ ತುಟಿ ಪಿಟಕ್ಕೆನ್ನುವುದಿಲ್ಲ. ಬಾಯಿ ಬಿಟ್ಟರೆ ಹಲ್ಲು ಪರೀಕ್ಷೆ ಶುರುವಾಗುತ್ತೆ ಅನ್ನುತ್ತಾರೆ.

ಆಸ್ಪತ್ರೆಗೆ ಕ್ಯಾಮೆರಾ ಹೊಂದಿಸಿದ್ದೂ ಅವರೇ. ಹಲ್ಲಿನಂಥ ಸಣ್ಣ ವಸ್ತುವನ್ನು ತೀರ ಹತ್ತಿರದಿಂದ ತೆಗೆಯುವಾಗ ಎಂಥ ಫ್ಲ್ಯಾಶ್ ಬೇಕು ಎಂದು ಅತ್ತೆಗೂ ಪುಟ್ಟಿಗೂ ಎರಡು ತಿಂಗಳು ಜಟಾಪಟಿ ನಡೆದಿತ್ತು. ಅತ್ತೆಯ ಹಳೆಯದು ಉಂಗುರದ ಫ್ಲ್ಯಾಶ್, ಲೆನ್ಸಿನ ಸುತ್ತ ಬಳೆಯ ಹಾಗೆ ಕೂರುವಂಥದ್ದು. "ಬಾಯೊಳಗೆ ಕತ್ತಲೆ. ಸುತ್ತಲೂ ಬೆಳಕು ಬೀಳುತ್ತೆ. ಇನ್ನೇನು ಬೇಕು?" ಎನ್ನುವುದು ಅವರ ವಾದ. ಪುಟ್ಟಿಗೆ ಬೇಕಿದ್ದದ್ದು ಜೋಡಿ ಫ್ಲ್ಯಾಶ್, ಎಡಕ್ಕೊಂದು ಬಲಕ್ಕೊಂದು ಪುಟ್ಟ ದೀಪ. "ನೆರಳೇ ಬೀಳದಿದ್ರೆ ಹಲ್ಲಿನ ಉಬ್ಬುತಗ್ಗು ಹೇಗೆ ಕಾಣುತ್ತೆ ಅತ್ತೆ?" ಎನ್ನುತ್ತಿದ್ದಳು. ಕೊನೆಗೆ ಮಾವ, ಹಾವೂ ಸಾಯದಂತೆ ಕೋಲೂ ಮುರಿಯದಂತೆ, ಎರಡನ್ನೂ ಇರಿಸಿದರು — ಹಿಂದಿನ ದವಡೆಗೆ ಉಂಗುರ, ಮುಂದಿನ ಹಲ್ಲಿಗೆ ಜೋಡಿ. ಪುಟ್ಟಿ ಹೋದಾಗ ಮಾವನ ಮೇಜಿನ ಮೇಲೆ ಒಂದು ಹಳೆಯ ಗುಂಡಿ ಬಿದ್ದಿತ್ತು. ಶನಿವಾರ ಕೆಟ್ಟು ಬಂದ ಉಂಗುರದ ಫ್ಲ್ಯಾಶಿನದು. ಹೊಸ ಗುಂಡಿ ಹಾಕಿ ಮಂಗಳವಾರ ಬೆಳಿಗ್ಗೆಯಷ್ಟೇ ಮಾವ ಅದನ್ನು ಮೇಲೆ ಕೊಟ್ಟುಬಂದಿದ್ದರು.

ಅವಳ ಮಾತೆಲ್ಲ ಕೇಳಿ ಮಾವ ಕೇಳಿದ್ದು ಒಂದೇ ಪ್ರಶ್ನೆ.

"ನಿಂಗೆ ಏನು ಬೇಕು ಪುಟ್ಟಿ? ಸತ್ಯವೋ, ನೀನು ಸರಿ ಅನ್ನೋ ಮಾತೋ?"

"ಸತ್ಯ," ಅಂದಳು ಪುಟ್ಟಿ.

ಮಾವ ಮೇಲೆ ಬಂದು ಪರದೆಯ ಮುಂದೆ ಕೂತರು. ಬಹಳ ಹೊತ್ತು ಕೂತರು. ಮುರಿದ ಮೂಲೆ, ಕೆಳದುಟಿಯ ಒಳ ಅಂಚು, ಅಷ್ಟೇ ಇತ್ತು ಅಲ್ಲಿ. ಫೋಟೋದ ಮೇಲರ್ಧ ಕತ್ತರಿಸಿಹಾಕಿದ ಹಾಗಿತ್ತು. ಆಮೇಲೆ ಅವರು ಎದ್ದು ಚೀಟಿ ಅಕ್ಕನ ಕೌಂಟರಿಗೆ ಹೋದರು.

"ಕಂಪ್ಯೂಟರಿನ ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತು?"

"ಎಲ್ಲರಿಗೂ. ಪರದೆ ಮೇಲೇ ಚೀಟಿ ಅಂಟಿಸಿದೀನಲ್ಲ."

"ಫೋಟೋದ ದಿನಾಂಕ?"

"ನಾವು ಏನು ಒತ್ತುತ್ತೀವೋ ಅದೇ."

"ಮಂಗಳವಾರ ಮಾಸ್ತರರ ಬಾಯಿ ಫೋಟೋ ತೆಗೆದೋರು ಯಾರು?"

ಚೀಟಿ ಅಕ್ಕ ಬೆರಳು ಮಡಚಿದಳು. "ನಾನು ತೆಗೆದೆ, ಮೊಬೈಲಲ್ಲಿ. ದೊಡ್ಡ ಡಾಕ್ಟರು ಒಳಗಿದ್ರು, ಅವರಿಗೆ ಕಳಿಸೋಕೆ. ಕ್ಯಾಪ್ ಮೇಸ್ತ್ರಿ ತೆಗೆದ್ರು. ಆಮೇಲೆ ಡಾಕ್ಟರು ಒಳಗೆ ಕರಕೊಂಡು ಹೋದ್ರು, ಅಲ್ಲೂ ಮಿಂಚಿದ ಹಾಗಾಯ್ತು."

ಅವಳ ಮೊಬೈಲಿನ ಫೋಟೋದಲ್ಲಿ ಮಾಸ್ತರರ ಮೀಸೆ ಇತ್ತು, ಮೂಗಿತ್ತು, ಹಿಂದಿನ ಗೋಡೆಯ ಗಡಿಯಾರವೂ ಇತ್ತು. ಹಲ್ಲು ಮಾತ್ರ ಅಕ್ಕಿಕಾಳಿನಷ್ಟು, ಅದೂ ಮಸುಕು.

"ಇನ್ನೂ ಹತ್ತಿರ ಹೋಗಬಹುದಿತ್ತಲ್ಲ?"

"ಹೋದ್ರೆ ಏನೂ ಕಾಣಲ್ಲ, ಎಲ್ಲಾ ಮಬ್ಬು. ಅದಕ್ಕೇ ಅಲ್ವಾ ನೀವು ಅಷ್ಟು ದೊಡ್ಡ ಕ್ಯಾಮೆರಾ ತಂದಿದ್ದು?"

ಕ್ಯಾಪ್ ಮೇಸ್ತ್ರಿ ಹಲ್ಲಿಗೆ ಕ್ಯಾಪ್ ಮಾಡಿಕೊಡುವವನು. ಹಿಂದಿನ ಕೋಣೆಯಲ್ಲಿ ಬಿಳಿ ಪುಡಿಯ ನಡುವೆ ಕೂತಿದ್ದ. ಮಾವ ಬಾಗಿಲಲ್ಲೇ ನಿಂತು ಕೇಳಿದರು.

"ನೀನು ಯಾಕಪ್ಪಾ ಫೋಟೋ ತೆಗೆದೆ?"

"ಬಣ್ಣ ನೋಡೋಕೆ. ಮೂಲೆ ಕಟ್ಟಬೇಕಾದ್ರೆ ಬಣ್ಣ ಹೊಂದಬೇಕಲ್ಲ ಸಾರ್."

"ಯಾವ ಫ್ಲ್ಯಾಶ್?"

ಮೇಸ್ತ್ರಿ ನಕ್ಕ. "ಫ್ಲ್ಯಾಶಾ? ನಾನು ಅದನ್ನ ಮುಟ್ಟೋದೇ ಇಲ್ಲ. ಕಿಟಕಿ ಹತ್ತಿರ ನಿಲ್ಲಿಸಿ ತೆಗೀತೀನಿ. ಹಲ್ಲಿನ ಬಣ್ಣ ಹಗಲು ಬೆಳಕಲ್ಲೇ ನೋಡಬೇಕು."

ಅವನ ಫೋಟೋದಲ್ಲಿ ಹಲ್ಲಿನ ಪಕ್ಕ ಬಣ್ಣ ಹೋಲಿಸುವ ಪಟ್ಟಿ ಇತ್ತು. ಬೆಳಕು ಒಂದೇ ಕಡೆಯಿಂದ, ಮೆತ್ತಗೆ ಬಿದ್ದಿತ್ತು. ಮಾವ ಅದನ್ನು ಭೂತಗನ್ನಡಿಯಲ್ಲಿ ನೋಡಿ ತಲೆಯಾಡಿಸಿದರು.

ಉಳಿದದ್ದು ಅತ್ತೆ. ರೋಗಿಯೊಬ್ಬರನ್ನು ಕಳಿಸಿ ಕೈ ತೊಳೆಯುತ್ತಿದ್ದರು. ಮಾವ ಆಸ್ಪತ್ರೆಯೊಳಗೆ ಹೆಂಡತಿಯನ್ನು ತಮಾಷೆಗೆ ಡಾಕ್ಟರೇ ಅನ್ನುತ್ತಿದ್ದರು. ಇವತ್ತೂ ಹಾಗೇ ಅಂದರು, ದನಿಯಲ್ಲಿ ತಮಾಷೆ ಇರಲಿಲ್ಲ.

"ಡಾಕ್ಟರೇ, ನಿನ್ನೆ ನೀನು ತೆಗೆದ ಫೋಟೋ ಎಲ್ಲಿ?"

"ಸರಿ ಬರ್ಲಿಲ್ಲ. ಅಳಿಸಿದೆ."

"ಯಾವ ಫ್ಲ್ಯಾಶ್ ಹಾಕಿದ್ದೆ?"

ಅತ್ತೆ ಟವೆಲ್ ಮಡಚಿದರು. "ಜೋಡಿದು. ಮುಂದಿನ ಹಲ್ಲಿಗೆ ಅದೇ ಅಂತ ಇವಳು ಪಾಠ ಹೇಳಿಕೊಟ್ಟಿದ್ದಾಳಲ್ಲ. ಪುಟ್ಟಿ, ಹೊಸದರಲ್ಲಿ ಎಲ್ಲರಿಗೂ ಹೀಗಾಗುತ್ತೆ. ಅವಸರದಲ್ಲಿ ನೋಡಿರ್ತೀಯ. ಬಿಟ್ಟುಬಿಡು."

ಆ ದನಿಯಲ್ಲಿ ಎಷ್ಟು ಪ್ರೀತಿ ಇತ್ತೆಂದರೆ ಪುಟ್ಟಿ ಇನ್ನೇನು ಬಿಟ್ಟೇಬಿಡುತ್ತಿದ್ದಳು.

"ಮಾಸ್ತರರನ್ನ ಕರೆಸಿ," ಅಂದರು ಮಾವ, ಚೀಟಿ ಅಕ್ಕನಿಗೆ.

ಬ್ಯಾಂಡ್ ಮಾಸ್ತರರು ಹನ್ನೆರಡಕ್ಕೆ ಬಂದರು. ಬಾಯಿ ಬಿಗಿದುಕೊಂಡೇ ಬಂದರು. ಒಳಕೋಣೆಯಲ್ಲಿ ಎಲ್ಲರೂ ನಿಂತಿದ್ದರು. ಯಾರೂ ಕೂರಲಿಲ್ಲ.

ಮಾವ ಪರದೆಯ ಮೇಲಿನ ಫೋಟೋವನ್ನು ದೊಡ್ಡದು ಮಾಡಿದರು.

"ಎಲ್ಲರೂ ಮುರಿದ ಹಲ್ಲನ್ನೇ ನೋಡಿದ್ವಿ. ಕಣ್ಣು ಅಲ್ಲಿಗೇ ಹೋಗುತ್ತೆ. ಇಲ್ಲಿ ನೋಡಿ — ಕೆಳದುಟಿ ಮೇಲೆ ಒಂದು ಜೊಲ್ಲಿನ ಹನಿ. ಸಾಸಿವೆಯಷ್ಟು. ಹನಿ ಅಂದ್ರೆ ಕನ್ನಡಿ. ಎದುರಿಗೆ ಯಾವ ಬೆಳಕು ಇತ್ತೋ ಅದನ್ನ ಹಾಗೇ ತೋರಿಸುತ್ತೆ."

ಅವರು ಇನ್ನೂ ದೊಡ್ಡದು ಮಾಡಿದರು. ಹನಿಯೊಳಗೆ ಒಂದು ಪುಟ್ಟ ಬಿಳಿ ಉಂಗುರ ಕಾಣಿಸಿತು.

ಪುಟ್ಟಿ ಪರದೆಗೆ ಬೆರಳು ತೋರಿಸಿದಳು. "ಜೋಡಿ ಫ್ಲ್ಯಾಶ್ ಆದ್ರೆ ಎರಡು ಚುಕ್ಕೆ ಇರಬೇಕಿತ್ತು."

"ಹೌದು. ಕಿಟಕಿ ಬೆಳಕಾದ್ರೆ ಕಿಟಕಿಯ ಚೌಕ ಇರಬೇಕಿತ್ತು. ಇಲ್ಲಿರೋದು ಉಂಗುರ. ಸೋಮವಾರ ಇಡೀ ದಿನ ಉಂಗುರದ ಫ್ಲ್ಯಾಶ್ ನನ್ನ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಹಾಗಾದ್ರೆ ಈ ಫೋಟೋ ಸೋಮವಾರದ್ದಲ್ಲ. ಮಂಗಳವಾರದ್ದು."

"ನಾನು ಹೇಳ್ಲಿಲ್ವಾ?" ಅಂದರು ಮಾಸ್ತರರು, ಮೆಲ್ಲಗೆ.

"ಇನ್ನೊಂದು ಮಾತು. ಹಲ್ಲಿನ ಮಧ್ಯೆ ದೊಡ್ಡ ಉಂಗುರದ ಹೊಳಪು ಬಿದ್ದಿರಲೇಬೇಕು. ಆ ಭಾಗವನ್ನ ಕತ್ತರಿಸಿ ತೆಗೆದಿದ್ದಾರೆ. ಅಂದ್ರೆ ಹೊಳಪು ಗುಟ್ಟು ಬಿಟ್ಟುಕೊಡುತ್ತೆ ಅಂತ ಗೊತ್ತಿದ್ದೋರು ಮಾಡಿದ್ದು. ಅಕ್ಕನಿಗೆ ಗೊತ್ತಿಲ್ಲ. ಮೇಸ್ತ್ರಿಗೆ ಫ್ಲ್ಯಾಶೇ ಬೇಡ. ಹಾಗಾದ್ರೆ ಉಂಗುರವನ್ನೇ ಯಾಕೆ ಆರಿಸಬೇಕು? ಮರೆವಾ? ಅಭ್ಯಾಸಬಲವಾ? ಅಲ್ಲ. ಹೊಸದಾಗಿ ಮುರಿದ ಹಲ್ಲಿನ ಅಂಚು ಚೂಪಾಗಿ, ಒರಟಾಗಿರುತ್ತೆ. ಪಕ್ಕದಿಂದ ಬೆಳಕು ಬಿದ್ರೆ ಅದು ಎದ್ದು ಕಾಣುತ್ತೆ. ಸುತ್ತಲೂ ಬೆಳಕು ಬಿದ್ರೆ ನೆರಳೇ ಇಲ್ಲ. ಅಂಚು ನಯವಾಗಿ, ಎಷ್ಟೋ ದಿನದ ಹಿಂದೆ ಮುರಿದ ಹಾಗೆ ಕಾಣುತ್ತೆ. ಇದು ತಿಳಿದೋರು ಈ ಆಸ್ಪತ್ರೆಯಲ್ಲಿ ಇಬ್ಬರೇ. ಒಬ್ಬಳು ಮಂಗಳವಾರ ಇಲ್ಲಿರಲಿಲ್ಲ."

ಮಾವ ಅಲ್ಲಿಗೆ ನಿಲ್ಲಿಸಿದರು. ಮೂವತ್ತು ವರ್ಷ ಜೊತೆಗೆ ಉಂಡವಳ ಕಡೆ ತಿರುಗಲು ಅವರಿಗೆ ಕಷ್ಟವಾಗುತ್ತಿತ್ತು. ಆದರೂ ತಿರುಗಿದರು.

"ಜೋಡಿ ಅಂತ ನನಗೆ ಯಾಕೆ ಸುಳ್ಳು ಹೇಳಿದೆ?"

ಅತ್ತೆ ಮಾಸ್ಕ್ ಕಳಚಿದರು. ಜಗಳಕ್ಕೆ ನಿಲ್ಲಲಿಲ್ಲ. ಕೋಟಿನ ಜೇಬಿನಿಂದ ಒಂದು ಪೆನ್ ಡ್ರೈವ್ ತೆಗೆದು ಮೇಜಿನ ಮೇಲಿಟ್ಟರು.

"ಇವಳು ತೆಗೆದ ಫೋಟೋ ಇದರಲ್ಲಿದೆ. ಅಳಿಸೋಕೆ ಮನಸ್ಸು ಬರಲಿಲ್ಲ." ಆಮೇಲೆ ಪುಟ್ಟಿಗೆ ಹೇಳಿದರು, "ಹಲ್ಲು ಇಡಿಯಾಗಿತ್ತು. ಅಂದ್ರೆ ಮುರಿದದ್ದು ನಿನ್ನ ಕೈಯಲ್ಲಿ. ಮೊದಲನೇ ವರ್ಷವೇ ಹಲ್ಲು ಮುರಿಯೋ ಡಾಕ್ಟರು ಅನ್ನೋ ಹೆಸರು ಬಂದ್ರೆ ಸಾಯೋವರೆಗೂ ಅಳಿಸೋಕಾಗಲ್ಲ ಪುಟ್ಟಿ. ಅದಕ್ಕೇ ಹಾಗೆ ಮಾಡಿದೆ."

"ನನ್ನ ಹೆಸರು ಉಳಿಸೋಕೆ ಹೋಗಿ ನನ್ನ ಕಣ್ಣನ್ನೇ ಕಿತ್ತುಕೊಂಡಿರಲ್ಲ ಅತ್ತೆ," ಅಂದಳು ಪುಟ್ಟಿ. ಅವಳಿಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು. "ಬೆಳಿಗ್ಗೆಯಿಂದ ನಾನು ನೋಡಿದ್ದನ್ನ ನಾನೇ ನಂಬೋಕೆ ಆಗ್ತಿಲ್ಲ."

ಮಾವ ಪೆನ್ ಡ್ರೈವ್ ಚುಚ್ಚಿದರು. ಸೋಮವಾರದ ನಿಜವಾದ ಫೋಟೋ ಪರದೆಯ ಮೇಲೆ ಬಂತು. ಹಲ್ಲು ಇಡಿಯಾಗಿತ್ತು, ಮೇಲೆ ಎರಡು ಹೊಳಪು. ಮಾಸ್ತರರು ನಿಟ್ಟುಸಿರು ಬಿಟ್ಟರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುವುದು ಮಾವನ ಜಾಯಮಾನ. ಅವರು ಫೋಟೋವನ್ನು ದೊಡ್ಡದು ಮಾಡುತ್ತ ಹೋದರು.

"ಇದೇನು?"

ಹಲ್ಲಿನ ಮೂಲೆಯಿಂದ ಓರೆಯಾಗಿ ಒಂದು ಗೆರೆ, ಕೂದಲೆಳೆಯಷ್ಟು ಸಣ್ಣದು. ಎಡಗಡೆಯ ದೀಪದ ನೆರಳು ಅದರಲ್ಲಿ ಸೂಕ್ಷ್ಮವಾಗಿ ಕೂತಿತ್ತು. ಮಂಗಳವಾರದ ಫೋಟೋದಲ್ಲಿ ಹಲ್ಲು ಮುರಿದಿದ್ದದ್ದು ಆ ಗೆರೆಯ ಉದ್ದಕ್ಕೇ.

ಅತ್ತೆ ಪರದೆಯ ಹತ್ತಿರ ಬಂದರು. ಬಗ್ಗಿ ನೋಡಿದರು. "ಬಿರುಕು," ಅಂದರು. "ಹಳೇದು. ಮೊದಲಿಂದಲೂ ಇತ್ತು. ಮುಟ್ಟಿದ್ರೆ ಬೀಳೋ ಹಾಗಿತ್ತು."

ಪುಟ್ಟಿಯನ್ನು ಉಳಿಸಬಹುದಾಗಿದ್ದ ಸಾಕ್ಷಿ ಅದೊಂದೇ. ಅದನ್ನೇ ಅತ್ತೆ ಅವಳನ್ನು ಉಳಿಸಲೆಂದು ಜೇಬಿಗೆ ಹಾಕಿಕೊಂಡಿದ್ದರು.

"ನೀವು ಇದನ್ನ ಸರಿಯಾಗಿ ನೋಡ್ಲಿಲ್ವಾ ಅತ್ತೆ?"

"ಹಲ್ಲು ಇಡೀ ಇದೆ ಅಂತ ಕಂಡ ತಕ್ಷಣ ಗಾಬರಿಯಾಯ್ತು. ದೊಡ್ಡದು ಮಾಡಿ ನೋಡ್ಲೇ ಇಲ್ಲ."

ಪುಟ್ಟಿಗೆ ತಪ್ಪಿಸಿಕೊಳ್ಳುವ ದಾರಿ ಈಗ ತೆರೆದಿತ್ತು — ಬಿರುಕು ಮೊದಲೇ ಇತ್ತು, ನನ್ನ ತಪ್ಪಲ್ಲ. ಹೇಳಿದರೆ ಎಲ್ಲರೂ ಒಪ್ಪುತ್ತಿದ್ದರು. ಅವಳು ಮಾಸ್ತರರ ಕಡೆ ತಿರುಗಿದಳು.

"ನಾನೂ ನೋಡ್ಲಿಲ್ಲ ಸಾರ್. ಫೋಟೋ ತೆಗೆದೆ, ಪಕ್ಕಕ್ಕಿಟ್ಟೆ, ಕ್ಲೀನಿಂಗ್ ಶುರು ಮಾಡಿದೆ. ಆ ಫ್ಲ್ಯಾಶೇ ಬೇಕು ಅಂತ ಎರಡು ತಿಂಗಳು ಹಟ ಮಾಡಿದೋಳು ನಾನು. ಅದು ತೋರಿಸಿದ್ದನ್ನ ನೋಡೋಕೆ ಎರಡು ನಿಮಿಷ ಕೊಡಲಿಲ್ಲ. ನೋಡಿದ್ರೆ ನಿಮಗೆ ಮೊದಲೇ ಹೇಳ್ತಿದ್ದೆ. ಮುರಿದದ್ದು ನನ್ನ ಕೈಯಲ್ಲೇ. ಮೂಲೆ ಇವತ್ತೇ ಕಟ್ಟಿಕೊಡ್ತೀನಿ."

ಮಾಸ್ತರರು ತುಟಿಯ ಗಾಯವನ್ನು ನಾಲಗೆಯಿಂದ ಸವರಿಕೊಂಡರು.

"ಹಲ್ಲು ಹೋದ್ರೆ ಹೋಯ್ತಮ್ಮ. ನಲವತ್ತು ವರ್ಷ ಊದಿದ ಬಾಯಿ, ಬಿರುಕು ಬಿಡದೆ ಇರುತ್ತಾ? ನಂಗೆ ಅದು ಬೇಜಾರಿಲ್ಲ. ನಿನ್ನೆ ಹೊರಗೆ ಏಳು ಜನ ಇದ್ರು. ಅದರಲ್ಲಿ ನನ್ನ ಬ್ಯಾಂಡಿನ ಹುಡುಗಿಯ ತಾಯಿಯೂ ಇದ್ರು. ಅವರ ಮುಂದೆ ನಾನು ಸುಳ್ಳುಗಾರ ಆದೆ. ಅದನ್ನ ಯಾವ ಮೇಸ್ತ್ರಿ ಕಟ್ಟಿಕೊಡ್ತಾನೆ?"

ಮಾವ ನೆಲ ನೋಡುತ್ತಿದ್ದರು.

ಅತ್ತೆ ಬಾಗಿಲ ತನಕ ಹೋಗಿ ನಿಂತರು. ಹಿಡಿಯ ಮೇಲೆ ಕೈಯಿಟ್ಟು ಒಂದು ಗಳಿಗೆ ಕಣ್ಣು ಮುಚ್ಚಿದರು. ಆಮೇಲೆ ಬಾಗಿಲನ್ನು ಪೂರ್ತಿ ತೆರೆದರು. ಹಾಲಿನಲ್ಲಿ ಹತ್ತು ಹನ್ನೊಂದು ಜನ ಚೀಟಿ ಹಿಡಿದು ಕೂತಿದ್ದರು.

"ನಿನ್ನೆ ಮಧ್ಯಾಹ್ನ ಇಲ್ಲಿದ್ದೋರು ಯಾರಾದ್ರೂ ಇದೀರಾ?"

ಕೆನ್ನೆ ಊದಿದ ಮುದುಕಿಯೊಬ್ಬರು ಕೈ ಎತ್ತಿದರು.

"ನಿನ್ನೆ ನಾನು ಬ್ಯಾಂಡ್ ಮಾಸ್ತರರಿಗೆ ಸುಳ್ಳು ಹೇಳ್ತೀರಿ ಅಂದೆ," ಅಂದರು ಅತ್ತೆ. ದನಿ ಎಲ್ಲರಿಗೂ ಕೇಳುವಷ್ಟಿತ್ತು. "ಅವರು ನಿಜ ಹೇಳಿದ್ರು. ಸುಳ್ಳು ಹೇಳಿದ್ದು ನಾನು. ಫೋಟೋ ಬದಲಾಯಿಸಿದ್ದೂ ನಾನು. ನಿನ್ನೆ ಇದ್ದ ಉಳಿದ ಆರು ಜನರ ನಂಬರು ಕೌಂಟರಲ್ಲಿದೆ. ಅವರಿಗೂ ಇವತ್ತೇ ಫೋನ್ ಮಾಡಿ ಹೇಳ್ತೀನಿ."

ಇಬ್ಬರು ಎದ್ದು ಚೀಟಿಯನ್ನು ಕೌಂಟರಿನ ಮೇಲಿಟ್ಟು ಹೊರಗೆ ಹೋದರು. ಅತ್ತೆ ಅವರನ್ನು ತಡೆಯಲಿಲ್ಲ. ಕೌಂಟರಿಗೆ ಹೋಗಿ ಫೋನ್ ಎತ್ತಿಕೊಂಡು, ಮೊದಲನೆಯ ನಂಬರು ಹೇಳು ಅಂದರು ಚೀಟಿ ಅಕ್ಕನಿಗೆ.

ಒಳಗೆ ಮಾಸ್ತರರು ಕುರ್ಚಿಯಲ್ಲಿ ಒರಗಿ ಬಾಯಿ ತೆರೆದಿದ್ದರು. ಪುಟ್ಟಿ ಬಹಳ ಹೊತ್ತು ನೋಡಿದಳು. ಉಪಕರಣಕ್ಕೆ ಇನ್ನೂ ಕೈ ಹಾಕಿರಲಿಲ್ಲ.