ಸೇತುವೆಯ ನಡುವಿನ ತತ್ತಿ

"ಅದನ್ನ ಮುಟ್ಟಬ್ಯಾಡಪಾ ಕಂಠೆಪ್ಪಾ," ಎಂದಳು ಸೇತುವೆ ಗುಡಿಸುವ ಹನುಮವ್ವ. "ಜಡ್ಡಿನವರ ಪೀಡಾ ಇಳಿ ತೆಗೆದು ಇಟ್ಟದ್ದೈತಿ. ತಿಂದವಗ ಹತ್ತತೈತಿ."

ಹೊಸ ಸೇತುವೆಯ ನಟ್ಟನಡುವೆ ಬಾಳೆಲೆಯ ಮೇಲೆ ಹುಳಿತ ಮೊಸರನ್ನ, ಕುಂಕುಮ ಬಳಿದ ಬೇಯಿಸಿದ ತತ್ತಿ. ಕುಡಚಡೆಯ ಬಳಿ ನದಿಯ ಎರಡೂ ದಂಡೆಗೆ ದುಡಿಯಬಂದವರ ಓಣಿಗಳು ನಾಯಿಕೊಡೆಯಂತೆ ಎದ್ದಿದ್ದವು. ಮೊದಲು ಪೀಡೆ ನೀರು ದಾಟುತ್ತಿರಲಿಲ್ಲವಂತೆ. ಸೇತುವೆ ಆದದ್ದೇ ತಡ, ಈಚೆಯವರು ಆಚೆಗೆ, ಆಚೆಯವರು ಈಚೆಗೆ ಅದನ್ನು ಸಾಗಹಾಕತೊಡಗಿದ್ದರು.

ಕಂಬಿಗೆ ಬಣ್ಣ ಬಳಿಯಲು ವಿಜಯಪುರದಿಂದ ಬಂದ ಕಂಠೆಪ್ಪನಿಗೆ ಇನ್ನೂ ವಾರ ತುಂಬಿರಲಿಲ್ಲ. ಅವನ ಹೊಟ್ಟೆಯೋ, ಮಡ್ಕಯಿಯ ಕಾರ್ಖಾನೆಗಳನ್ನೆಲ್ಲ ನುಂಗಿ ಮೇಲೊಂದು ತೇಗು ಹಾಕುವಂಥದು. ಮುದುಕಿಗೂ ಪಾಲು ಬೇಕೇನು ಎಂದು ಕೆಣಕಿ, ತತ್ತಿಯನ್ನು ಇಡಿಯಾಗಿ ಬಾಯಿಗೆಸೆದುಕೊಂಡ.

ಕಚ್ಚಿದ. ಒಳಗೆ ಕೊಳೆತ ಏಡಿಯ ನಾತ. ದಾಬೋಲಿಮ್‌ನಲ್ಲಿ ಇಳಿಯಬೇಕಿದ್ದ ವಿಮಾನ ಮೂಗು ಮುಚ್ಚಿಕೊಂಡು ತಿರುಗಿ ಹೋಗಬೇಕು, ಅಂಥ ನಾತ. ಉಗುಳಹೋದರೆ ಹಲ್ಲಿಗೆ ಕೂದಲು ಸಿಕ್ಕಿತು. ಎಳೆದ. ಬಂತು. ಲೋಳೆ ಸುತ್ತಿದ, ಬೆಚ್ಚಗಿನ, ಯಾರೋ ಹೆಂಗಸಿನ ಕೂದಲು. ಮೊಳ ಬಂತು. ಮಾರು ಬಂತು. ಸೇತುವೆಗಿಂತ ಉದ್ದ ಬಂತೆಂದರೂ ಸುಳ್ಳಲ್ಲ. ಎಳೆದಷ್ಟೂ ಗಂಟಲೊಳಗೆ ಇನ್ನೊಂದು ಗಂಟು ಉಬ್ಬಿತು. ಅದಿರಿನ ಟ್ರಕ್ಕು ಹಾದು ಕಾಲಡಿ ನಡುಗಿತು. ಉಸಿರು ಕಟ್ಟಿತು. ಕಣ್ಣು ಮೇಲಾದವು. ಎಳೆ ಹಲ್ಲಲ್ಲೇ ತುಂಡಾಯಿತು, ಗಂಟು ಒಳಗೇ ಉಳಿಯಿತು.

ಹನುಮವ್ವ ಮೂಗಿಗೆ ಸೆರಗು ಹಿಡಿದು, ಆ ಕೂದಲ ರಾಶಿಯನ್ನು ಕಸಬರಿಗೆಯಿಂದ ನದಿಗೆ ತಳ್ಳಿದಳು. "ಆಚೆ ದಂಡಿಯವರಿಗೆ ಯಾರಿಗರೆ ನಿನ್ನ ಕೈಲೆ ಒಂದ ತುತ್ತು ತಿನಸು. ಇಲ್ಲಂದ್ರ ಸಾಯತಿ. ತಿಂದವರಿಗೆ ಸುದ್ದಿ ಹೇಳಿದಿ ಅಂದ್ರ, ತಿರುಗಿ ನಿನಗ ಬರತೈತಿ."

ಆಚೆ ದಂಡೆಯ ಗೆಳೆಯ ಮುತ್ತು ಅತ್ತಣಿಂದ ಕಂಬಿಗೆ ಬಣ್ಣ ಬಳಿಯುತ್ತ ಬರುವವನು. ಕಂಠೆಪ್ಪನಿಗೆ ಈ ಕೆಲಸ ಕೊಡಿಸಿದವನೂ ಅವನೇ. ದಿನವೂ ಮಧ್ಯಾಹ್ನ ನಡುವೆ ಕೂತು ಇಬ್ಬರೂ ಒಂದೇ ಡಬ್ಬಿಯ ಮೀನಸಾರು ಉಣ್ಣುತ್ತಿದ್ದರು. ಅಂದೂ ಅಷ್ಟರಲ್ಲೇ ಡಬ್ಬಿ ಹಿಡಿದು ಬಂದ. ಕಂಠೆಪ್ಪ ಲೋಳೆಗೈಯನ್ನು ಚಣ್ಣಕ್ಕೆ ಒರೆಸಿ, ತನ್ನ ಬುತ್ತಿಯ ಶೇಂಗಾ ಹೋಳಿಗೆಯನ್ನು ಅವನ ಬಾಯಿಗೆ ಹಿಡಿದ.

"ಏನಲೇ, ಇವತ್ತ ಕೈತುತ್ತು? ನಾ ಏನ ನಿನ್ನ ಹೇಣ್ತಿ ಏನು?" ನಗುತ್ತ ಮುತ್ತು ಕಚ್ಚಿದ.

ಗಂಟು ಇಳಿಯಿತು. ಗಾಳಿ ಬಂತು. ಕಂಠೆಪ್ಪ ಎತ್ತಿನಂತೆ ಉಸಿರೆಳೆದ.

ಮುತ್ತು ಅಗಿಯುತ್ತ ತುಟಿಯಿಂದ ಒಂದು ಕೂದಲು ತೆಗೆದು ಕಂಬಿಗೆ ಒರೆಸಿದ. ಉಳಿದ ಅರ್ಧವನ್ನು ಹಾಳೆಯಲ್ಲಿ ಮಡಚತೊಡಗಿದ.

"ನಮ್ಮ ಮಗಳು ಮಂಗಲಾಗ ಹೋಳಗಿ ಅಂದ್ರ ಜೀವ. ಮೂರು ವರ್ಷದಾಕಿ, ಇಡೀದು ತಿಂತಾಳ."

ಕಂಠೆಪ್ಪ ಬಾಯಿ ತೆರೆದ. ಗಂಟಲ ಆಳದಲ್ಲಿ ಏನೋ ತುಸು ಮಿಸುಕಿತು.

ತನ್ನ ಉಗುಳೇ ಅವನಿಗೆ ಹೇಸಿಗೆಯಾಯಿತು. ಆದರೂ ಬಾಯಿ ಮುಚ್ಚಿ, ಅದನ್ನು ನುಂಗಿಕೊಂಡ.