ಕ್ಲೇಲಿಯಾಳ ಹೆಸರಿನ ಬಟಾಣಿ

ಮೊದಲ ಸಲ ನೋಡಿದಾಗ ಕ್ಲೇಲಿಯಾ ಅವನನ್ನು ಕಳ್ಳನೆಂದುಕೊಂಡಳು.

ದ್ರೋಮ್ ನದಿಯ ದಂಡೆಯ ಆ ಪುಟ್ಟ ಊರಿನಲ್ಲಿ ಗುರುವಾರ ಸಂಜೆಯೆಂದರೆ ಹಳೇ ಶಾಲೆಯ ಅಂಗಳದಲ್ಲಿ ತರಕಾರಿ ಪೆಟ್ಟಿಗೆ ಹಂಚುವ ಹೊತ್ತು. ಅರವತ್ತೆರಡು ಮನೆಗಳು ವರ್ಷದ ಮೊದಲಲ್ಲೇ ದುಡ್ಡು ಕೊಟ್ಟು ಕ್ಲೇಲಿಯಾಳ ಜೊತೆ ಮಾತಾಡಿಕೊಂಡಿದ್ದವು: ಅವಳ ಹೊಲ ಕೊಟ್ಟದ್ದು ಪೆಟ್ಟಿಗೆಗೆ, ಹೆಚ್ಚು ಬೆಳೆದರೆ ಹೆಚ್ಚು, ಕಮ್ಮಿಯಾದರೆ ಕಮ್ಮಿ, ಗೊಣಗುವಂತಿಲ್ಲ. ಅಂದು ಬಂದವರೆಲ್ಲ ಬೀಟ್‌ರೂಟಿನ ಗೆಡ್ಡೆ ಇಟ್ಟುಕೊಂಡು ಸೊಪ್ಪನ್ನು ಮುರಿದು ಮೂಲೆಯ ಕ್ರೇಟಿಗೆ ಎಸೆಯುತ್ತಿದ್ದರು. ಎತ್ತರದ ಗಂಡಸೊಬ್ಬ ಆ ಕ್ರೇಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಸೊಪ್ಪನ್ನು ತನ್ನ ಚೀಲಕ್ಕೆ ತುಂಬಿಕೊಳ್ಳುತ್ತಿದ್ದ.

"ನಿಮ್ಮ ಹೆಸರು ಪಟ್ಟೀಲಿದೆಯಾ?" ಎಂದಳು ಕ್ಲೇಲಿಯಾ.

"ಇಲ್ಲ." ಅವನು ತಲೆ ಮಾತ್ರ ಎತ್ತಿದ. "ಈ ಸೊಪ್ಪಿನ ಹೆಸರೂ ಇಲ್ಲ. ಅದಕ್ಕೇ ನಾವಿಬ್ಬರೂ ಜೊತೆಯಾದ್ವಿ."

"ಅದು ನನ್ನ ಕೋಳಿಗಳಿಗೆ."

"ಕೋಳಿಗಳ ಹತ್ರ ನಾನೇ ಬಂದು ಕ್ಷಮೆ ಕೇಳ್ತೀನಿ. ನಾಳೆ ಮಧ್ಯಾಹ್ನ ಸೇತುವೆ ಪಕ್ಕದ ಹೋಟೆಲಿಗೆ ಬನ್ನಿ. ಅವು ಏನು ಕಳ್ಕೊಂಡ್ವು ಅಂತ ತಿಂದು ನೋಡಿ."

ನಗು ಅವನ ತುಟಿಯಲ್ಲಿರಲಿಲ್ಲ, ಕಣ್ಣಂಚಿನಲ್ಲಿತ್ತು. ಮಾರನೇ ದಿನ ಉಗುರಿನ ಮಣ್ಣನ್ನು ಎರಡೆರಡು ಸಲ ತಿಕ್ಕಿ ತೊಳೆಯುವಾಗ, ಇದೆಲ್ಲ ಯಾರಿಗಾಗಿ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಮೂವತ್ತೊಂಬತ್ತು ವರ್ಷದ ಹೆಂಗಸು, ಹನ್ನೊಂದು ವರ್ಷದಿಂದ ಒಬ್ಬಳೇ ಹೊಲ ಮಾಡುವವಳು.

ಅವನ ಹೆಸರು ಗಾಸ್ಪಾರ್. ಲಿಯೋನ್ ಪಟ್ಟಣದಲ್ಲಿ ಹದಿನೈದು ವರ್ಷ ಬೇರೆಯವರ ಅಡುಗೆಮನೆಯಲ್ಲಿ ಬೆವರು ಸುರಿಸಿ, ಈಗ ಹನ್ನೆರಡು ಮೇಜುಗಳ ಸ್ವಂತ ಹೋಟೆಲು ತೆರೆದಿದ್ದ. ಆ ಸೊಪ್ಪನ್ನು ಬೆಳ್ಳುಳ್ಳಿ ಹಾಕಿ ಬಾಡಿಸಿ, ಮೇಲೆ ಮೇಕೆಹಾಲಿನ ಚೀಸ್ ಉದುರಿಸಿ ತಂದಿಟ್ಟ. ಕ್ಲೇಲಿಯಾ ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿ ತಿಂದಳು. ಅವನು ಊಟವನ್ನಲ್ಲ, ತಿನ್ನುವವಳನ್ನು ನೋಡುತ್ತಿದ್ದ.

ಅಲ್ಲಿಂದ ಒಪ್ಪಂದ ಶುರುವಾಯಿತು. ಪೆಟ್ಟಿಗೆಗಳು ತುಂಬಿ ಮಿಕ್ಕಿದ್ದೆಲ್ಲ ಅವನಿಗೆ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಅವನೇ ಹೊಲಕ್ಕೆ ಬರುತ್ತಿದ್ದ. ಹೋಟೆಲಿನ ಬಾಗಿಲಲ್ಲಿ ಕಪ್ಪು ಹಲಗೆ ಇಟ್ಟು ಸೀಮೆಸುಣ್ಣದಲ್ಲಿ ದಿನವೂ ಬರೆಯುತ್ತಿದ್ದ: ಕ್ಲೇಲಿಯಾಳ ಬೀನ್ಸ್, ಕ್ಲೇಲಿಯಾಳ ಟೊಮ್ಯಾಟೊ, ಕ್ಲೇಲಿಯಾಳ ಕುಂಬಳ.

"ನಮ್ಮೆಜಮಾನ್ರು ನಲವತ್ತು ವರ್ಷದಲ್ಲಿ ನನ್ನ ಹೆಸರು ಒಂದೇ ಸಲ ಬರೆದಿದ್ದು, ಅದೂ ಮದುವೆ ರಿಜಿಸ್ಟರಲ್ಲಿ," ಎಂದಳು ಮಾರ್ಸೆಲೀನ್. ಪೆಟ್ಟಿಗೆ ಪಟ್ಟಿಯನ್ನು ನೋಡಿಕೊಳ್ಳುತ್ತಿದ್ದ ಮುದುಕಿ, ಹಿಂದೆ ಊರಿಗೆ ಅಂಚೆ ಹಂಚಿದವಳು. "ನಿನ್ನದನ್ನ ಅವನು ದಿನಾ ತಿದ್ದುತಾನಲ್ಲ ಮಗಳೇ."

"ತರಕಾರಿ ಹೆಸರು ಅದು, ಮದಾಂ."

"ಹೌದೌದು. ತರಕಾರಿ ಕೆನ್ನೆ ಕೆಂಪಾಗಿದೆ, ನೋಡಿಕೋ."

ಅಕ್ಟೋಬರಿನ ಒಂದು ಬೆಳಿಗ್ಗೆ ಕುಂಬಳ ಎತ್ತಿ ಗಾಡಿಗೆ ಇಡುವಾಗ ಇಬ್ಬರ ಕೈಗಳೂ ಒಂದೇ ಕಾಯಿಯ ಕೆಳಗೆ ಸಿಕ್ಕಿಕೊಂಡವು. ಯಾರೂ ತೆಗೆಯಲಿಲ್ಲ.

"ಕೈ ತಣ್ಣಗಿದೆ ನಿಂದು," ಎಂದ ಗಾಸ್ಪಾರ್. ಅಲ್ಲಿಯತನಕ 'ನೀವು' ಎನ್ನುತ್ತಿದ್ದವನು.

"ನಿಂದೇನು ಒಲೆಯಾ?" ಎಂದಳು ಅವಳು.

ಆ ಚಳಿಗಾಲ ಕ್ಲೇಲಿಯಾಳಿಗೆ ಚಳಿಯೇ ಆಗಲಿಲ್ಲ. ಹೋಟೆಲಿನ ಮೇಲಿನ ಎರಡು ಕೋಣೆಗಳಿಗೆ ಬಂದುಬಿಡು ಎಂದು ಅವನು ಕೇಳಿದ. ಮೊದಲ ಬಟಾಣಿ ಕಿತ್ತ ದಿನ ಹೇಳುತ್ತೇನೆ ಎಂದಳು. ಹೂಂ ಎನ್ನಬೇಕೆಂದು ಮನಸ್ಸು ಆಗಲೇ ತೀರ್ಮಾನಿಸಿಯಾಗಿತ್ತು. ಕಾಯಿಸುವ ಸುಖಕ್ಕಾಗಿ ಹಾಗಂದಳು, ಅಷ್ಟೇ.

ಮೇ ತಿಂಗಳ ಎರಡನೇ ವಾರ, ನಡುಮಧ್ಯಾಹ್ನ, ಹದಿನೈದು ನಿಮಿಷ ಆಲಿಕಲ್ಲು ಬಿತ್ತು. ಕಾಯಿ ತುಂಬಿದ್ದ ಬಟಾಣಿ ಬಳ್ಳಿಗಳು ನೆಲಕ್ಕೆ ಅರೆದುಹೋದವು. ಎಲೆಕೋಸಿನ ಸಸಿಗಳು ಜರಡಿಯಾದವು.

ಗುರುವಾರ ಅಂಗಳದಲ್ಲಿ ನಿಂತು ಕ್ಲೇಲಿಯಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬಟಾಣಿ ಈ ವರ್ಷ ಒಂದು ಹಿಡಿಯೂ ಇಲ್ಲ. ಜೂನ್ ಮುಗಿಯುವ ತನಕ ಪೆಟ್ಟಿಗೆ ಅರ್ಧ ಖಾಲಿ. ಯಾರೂ ಗೊಣಗಲಿಲ್ಲ. ನಾಲ್ಕು ಮೂಲಂಗಿ, ಒಂದು ಕಟ್ಟು ಈರುಳ್ಳಿ ಹೂ ಒಯ್ಯುವವರು ಅವಳ ಭುಜ ಮುಟ್ಟಿ ಹೋದರು. ಗಾಸ್ಪಾರ್‌ಗೂ ಅದನ್ನೇ ಹೇಳಿದಳು.

"ನನ್ನ ಚಿಂತೆ ಬಿಡು," ಎಂದು ಅವನು ಅವಳ ಹಣೆಗೆ ಮುತ್ತಿಟ್ಟ. "ಹೇಗೋ ನಡೆಸ್ಕೋತೀನಿ."

ಎರಡು ವಾರ ಕಳೆದು ಅಂಗಳಕ್ಕೆ ಬಂದವರ ಮುಖಗಳೇ ಬೇರೆಯಾಗಿದ್ದವು. ಕೈ ಚಾಚಿ ಪೆಟ್ಟಿಗೆ ತೆಗೆದುಕೊಂಡರೇ ಹೊರತು ಯಾರೂ ಅವಳ ಕಣ್ಣಲ್ಲಿ ಕಣ್ಣಿಡಲಿಲ್ಲ. ಕೊನೆಗೆ ಮಾರ್ಸೆಲೀನ್ ಪಟ್ಟಿಯನ್ನು ಮಡಿಚಿಟ್ಟು ಕೇಳಿದಳು.

"ಭಾನುವಾರ ನನ್ನ ತಂಗಿ ಸೇತುವೆ ಹೋಟೆಲಲ್ಲಿ ಬಟಾಣಿ ತಿಂದ್ಳು. ಹಲಗೆ ಮೇಲೆ ನಿನ್ನ ಹೆಸರಿತ್ತಂತೆ. ನಮಗೆ ಮೂಲಂಗಿ, ಅವನಿಗೆ ಬಟಾಣಿಯಾ, ಮಗಳೇ?"

ಕ್ಲೇಲಿಯಾ ಕೈಯಲ್ಲಿದ್ದ ಮೂಲಂಗಿಯನ್ನು ಕ್ರೇಟಿಗೆ ವಾಪಸ್ ಇಟ್ಟಳು. ಅದನ್ನು ಮುದುಕಿ ತನಗೆ ತೋಚಿದಂತೆ ಅರ್ಥಮಾಡಿಕೊಂಡಳು.

ಮರುದಿನ ಕ್ಲೇಲಿಯಾ ಹೋಟೆಲಿನ ಹಿಂಬಾಗಿಲಿಂದ ಒಳಗೆ ಹೋದಳು. ಒಲೆಯ ಪಕ್ಕ ಸಗಟು ಮಾರುಕಟ್ಟೆಯ ಚೀಟಿ ಅಂಟಿದ ಮೂರು ಕ್ರೇಟು ಬಟಾಣಿ. ಗಾಸ್ಪಾರ್ ಕೈ ಒರೆಸಿಕೊಂಡ.

"ಜನ ನಿನ್ನ ಹೆಸರು ನೋಡಿ ಬರ್ತಾರೆ, ಕ್ಲೇಲಿಯಾ. ಅದನ್ನ ಅಳಿಸಿದ ದಿನ ಐದು ಮೇಜು ಖಾಲಿ ಹೋಯ್ತು. ಎರಡು ವಾರದ ಮಾತು ಅಂದ್ಕೊಂಡೆ."

"ನನ್ನನ್ನ ಒಂದು ಮಾತು ಕೇಳಿದ್ಯಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಅಂತಿದ್ದೆ," ಎಂದಳು. "ಗುರುವಾರ ಅಂಗಳಕ್ಕೆ ಬಾ. ಅದು ನನ್ನ ಬಟಾಣಿ ಅಲ್ಲ ಅಂತ ಅವರ ಮುಂದೆ ಹೇಳು. ಬೇರೇನೂ ಕೇಳಲ್ಲ."

ಬರಲಿಕ್ಕಿಲ್ಲ ಎಂದುಕೊಂಡಿದ್ದಳು. ಬಂದ. ಎಲ್ಲರ ನಡುವೆ ನಿಂತು, ಎದೆಯ ಮೇಲೆ ಕೈಯಿಟ್ಟು ಹೇಳಿದ: "ತಪ್ಪು ನಂದು. ಕ್ಲೇಲಿಯಾ ನನಗೆ ಒಂದು ಕಾಳೂ ಕೊಟ್ಟಿಲ್ಲ. ಹೊಸದಾಗಿ ಸೇರಿದ ಹುಡುಗಿ ಗೊತ್ತಿಲ್ಲದೆ ಹಳೇ ಹಲಗೇನೇ ಹೊರಗಿಟ್ಟುಬಿಟ್ಲು. ನಾನು ನೋಡ್ಕೋಬೇಕಿತ್ತು, ನೋಡ್ಲಿಲ್ಲ."

ಅವನ ದನಿ ನಡುಗಿತು. ಕಣ್ಣಂಚು ಒದ್ದೆಯಾಯಿತು. ಮಾರ್ಸೆಲೀನ್ ಮೊದಲು ಅವನನ್ನು ತಬ್ಬಿಕೊಂಡಳು, ಆಮೇಲೆ ಕ್ಲೇಲಿಯಾಳನ್ನು. ಯಾರೋ ವೈನ್ ತಂದರು.

ಹೋಟೆಲಿನಲ್ಲಿ ಹೊಸ ಹುಡುಗಿ ಯಾರೂ ಇರಲಿಲ್ಲ. ಹಲಗೆ ಬರೆಯುವವನು ಗಾಸ್ಪಾರ್ ಒಬ್ಬನೇ ಎಂಬುದು ಕ್ಲೇಲಿಯಾಳಿಗೆ ಗೊತ್ತಿತ್ತು. ಈಗ ಒಂದು ಮಾತು ಆಡಿದರೆ ಸಾಕು, ಈ ಊರಿನಲ್ಲಿ ಆ ಹನ್ನೆರಡು ಮೇಜುಗಳ ಮುಂದೆ ಮತ್ತೆ ಯಾರೂ ಕೂರುವುದಿಲ್ಲ. ಅವಳು ಆಡಲಿಲ್ಲ.

ಜನ ಚದುರಿದ ಮೇಲೆ ಅವನು ಖಾಲಿ ಕ್ರೇಟುಗಳನ್ನು ಒಂದರ ಮೇಲೊಂದು ಜೋಡಿಸಿಕೊಟ್ಟ.

"ಎಲ್ಲ ಸರಿಹೋಯ್ತಲ್ಲ."

"ಅವರಿಗೆ ಸರಿಹೋಯ್ತು."

"ನಿನ್ನ ಹೆಸರು ಉಳೀತು. ನನ್ನದೂ ಉಳೀತು. ಯಾರಿಗೇನು ನಷ್ಟ?"

"ಎಷ್ಟು ಚೆನ್ನಾಗಿ ಹೇಳಿದೆ ಗಾಸ್ಪಾರ್," ಎಂದಳು ಮೆಲ್ಲಗೆ. "ನಿಜ ಗೊತ್ತಿದ್ದ ನನಗೇ ನಂಬಿಕೆ ಬಂದುಬಿಡ್ತು. ಕೈ ಎದೆ ಮೇಲೆ, ದನಿಯಲ್ಲಿ ನಡುಕ. ನನ್ನನ್ನ ಪ್ರೀತಿಸ್ತೀನಿ ಅಂದಾಗಲೂ ಹೀಗೇ ಇದ್ದೆ. ಇನ್ನು ಯಾವುದು ನಿಜ, ಯಾವುದು ಸುಳ್ಳು ಅಂತ ನಾನು ಹೇಗೆ ಗುರುತು ಹಿಡೀಲಿ?"

"ಅದು ನಿಜ. ದೇವರಾಣೆ, ಅದು ನಿಜ."

"ಇರಬಹುದು," ಎಂದು ಅವಳು ಅವನ ಕೆನ್ನೆ ಸವರಿದಳು. ಬೆರಳು ಅಲ್ಲೇ ಉಳಿಯಲು ನೋಡಿತು, ಎಳೆದುಕೊಂಡಳು. "ನಾಳೆಯಿಂದ ಹೊಲಕ್ಕೆ ಬರಬೇಡ."

ಜುಲೈನಲ್ಲಿ ಪೆಟ್ಟಿಗೆಗಳು ಮತ್ತೆ ತುಂಬಿದವು. ಗಾಸ್ಪಾರ್‌ನ ಹಲಗೆಯಲ್ಲಿ ಈಗ ತರಕಾರಿ ಹೆಸರು ಮಾತ್ರ ಇರುತ್ತದೆಂದು ಜನ ಹೇಳಿದರು. ಸೊರಗಿದ್ದಾನೆ ಎಂದೂ ಹೇಳಿದರು. ಇವಳದು ಕಲ್ಲು ಮನಸ್ಸು ಎನ್ನುವುದೂ ಅಂಗಳದಲ್ಲಿ ಅವಳ ಕಿವಿಗೆ ಬೀಳತೊಡಗಿತು.

"ಪಾಪ, ಎಲ್ಲರೆದುರು ತಪ್ಪು ಒಪ್ಪಿಕೊಂಡ ಗಂಡಸು," ಎಂದಳು ಮಾರ್ಸೆಲೀನ್ ಒಂದು ಗುರುವಾರ, ಬೀನ್ಸ್ ತೂಗಿ ಕೊಡುವುದನ್ನು ನಿಲ್ಲಿಸಿ. "ಯಾವುದೋ ಹುಡುಗಿ ಮಾಡಿದ ಎಡವಟ್ಟಿಗೆ ಅವನನ್ನ ಬಿಟ್ಟುಬಿಟ್ಯಲ್ಲ. ಒಂದು ಹಿಡಿ ಬಟಾಣಿಗೆ ಇಷ್ಟು ಕೋಪವಾ, ಮಗಳೇ?"

ಸಾಲಿನಲ್ಲಿದ್ದವರೆಲ್ಲ ಉತ್ತರಕ್ಕಾಗಿ ಕಾದರು.

"ಹೂಂ ಮದಾಂ," ಎಂದಳು ಕ್ಲೇಲಿಯಾ. "ನನ್ನ ಸ್ವಭಾವವೇ ಹಾಗೆ."

ಮುಂದಿನವರ ಪೆಟ್ಟಿಗೆ ಎತ್ತಿ ಕೊಟ್ಟಳು.